ಕೃಷ್ಣಾ ಭೀಮಾ ನದಿಗಳೂ ಮುಂಬಯಿಯ ದೀಪವೂ

ವಿಕ್ರೋಳಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಊರು ಕೃಷ್ಣೆಯ ದಂಡೆಯಲ್ಲಿದೆ, ಇಲ್ಲವೆ ಭೀಮೆಯ ದಂಡೆಯಲ್ಲಿದೆ. ಅಥಣಿ, ಜಮಖಂಡಿ, ಇಂಡಿ, ಅಫಜಲಪುರ, ಯಾದಗಿರಿ, ರಾಯಚೂರು ಮೊದಲಾದ ಕಡೆಯವರು ದುಡಿಮೆಗಾಗಿ ಈ ನಗರಕ್ಕೆ ಬಂದಿದ್ದಾರೆ. ಆದರೆ ತಮ್ಮ ಊರ ಹೊಳೆ ಎಲ್ಲಿ ಹುಟ್ಟುತ್ತದೆಂದು ಕೇಳಿದರೆ, ಅದು ತಮ್ಮ ಊರಿಗಿಂತ ಈ ಮುಂಬಯಿಗೇ ಹತ್ತಿರವೆಂಬುದು ಎಷ್ಟೋ ಜನರ ಗಮನಕ್ಕೆ ಬಂದಿರಲಾರದು. ಭೀಮೆಯು ಹುಟ್ಟುವ ಭೀಮಾಶಂಕರ ಕ್ಷೇತ್ರವು ವಿಕ್ರೋಳಿಯಿಂದ ನೇರ ಮೂಡಣಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ, ಅರವತ್ತು ಅರವತ್ತೈದು ಕಿಲೋಮೀಟರಿಗಿಂತ ದೂರವಿಲ್ಲ. ಕೃಷ್ಣೆಯು ಹುಟ್ಟುವ ಮಹಾಬಳೇಶ್ವರವು ಇಲ್ಲಿಂದ ಆಗ್ನೇಯಕ್ಕಿದೆ.

ಇನ್ನೂ ಒಂದು ಸಂಗತಿಯುಂಟು. ಈ ಎರಡು ನದಿಗಳಿಗೆ ಸೇರಬೇಕಾದ ನೀರಿನಲ್ಲಿ ಒಂದು ಪಾಲು ನಮ್ಮ ಊರುಗಳ ಕಡೆಗೆ ಹರಿಯದೆ, ದಿಕ್ಕು ತಿರುಗಿ ಪಶ್ಚಿಮಕ್ಕೆ ಇಳಿದು, ವಿದ್ಯುತ್ತಾಗಿ ಈ ನಗರದ ಕಾರಖಾನೆಗಳನ್ನೂ ದೀಪಗಳನ್ನೂ ತಲುಪುತ್ತ ಬಂದಿದೆ. ಇದು ಹೇಗಾಯಿತು, ಎಷ್ಟು ನೀರು, ಅದರಿಂದ ಯಾರಿಗೆ ಏನು ಎಂಬುದನ್ನು ತಿಳಿಯಬೇಕಾದರೆ ಮೊದಲು ನದಿಗಳ ಭೂಗೋಳವನ್ನು ನೋಡಬೇಕು.

ಬೆಟ್ಟದ ಏಣು

ಸಹ್ಯಾದ್ರಿಯು ಪಡುಗಡಲಿಗೆ ಸಮಾನಾಂತರವಾಗಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದ ಗೋಡೆಯಂತಿದೆ. ಇದರ ಪಶ್ಚಿಮದ ಮೈ ಕಡಿದಾಗಿ ಕೊಂಕಣಕ್ಕೆ ಇಳಿಯುತ್ತದೆ. ಪೂರ್ವದ ಮೈ ಮೆಲ್ಲನೆ ಜಾರುತ್ತ ದಖ್ಖಣದ ಬಯಲಾಗುತ್ತದೆ. ಮನೆಯ ಹೆಂಚಿನ ಸೂರಿಗೆ ನೆತ್ತಿಯಿರುವಂತೆ ಈ ಬೆಟ್ಟಕ್ಕೂ ಒಂದು ಏಣು ಇದೆ. ಏಣಿನ ಈಚೆಗೆ ಬಿದ್ದ ಹನಿ ನೂರು ಕಿಲೋಮೀಟರ್ ಹರಿಯುವುದರೊಳಗೇ ಅರಬ್ಬೀ ಸಮುದ್ರವನ್ನು ಸೇರಬಹುದು. ನಾಲ್ಕು ಮಾರು ಆಚೆಗೆ ಬಿದ್ದ ಹನಿ ಭಾರತದ ಅಡ್ಡಗಲವನ್ನೆಲ್ಲ ದಾಟಿ ಬಂಗಾಳ ಕೊಲ್ಲಿಯನ್ನು ಸೇರಬೇಕು. ಕೃಷ್ಣೆಯ ಉಗಮದಿಂದ ಪಡುಗಡಲು ಅರವತ್ತೈದು ಕಿಲೋಮೀಟರಿನಷ್ಟು ದೂರದಲ್ಲಿದೆ. ಆದರೂ ಆಕೆ ಅದಕ್ಕೆ ಬೆನ್ನು ತಿರುಗಿಸಿ 1,400 ಕಿಲೋಮೀಟರ್ ನಡೆಯುತ್ತಾಳೆ.

ಮಂಗಳೂರು, ಉಡುಪಿಯ ಕಡೆಯ ವಾಚಕರಿಗೂ ಇದು ಹೊಸದಲ್ಲ. ನೇತ್ರಾವತಿ, ಸೀತಾ, ಸ್ವರ್ಣಾ ನದಿಗಳು ಇದೇ ಏಣಿನ ಪಶ್ಚಿಮದ ಇಳಿಜಾರಿನ ಮಕ್ಕಳು. ಅವುಗಳ ಓಟ ಕಡಿಮೆ, ವೇಗ ಹೆಚ್ಚು. ಬಯಲುಸೀಮೆಯ ನದಿಗಳ ನಡೆ ಬೇರೆ.

ಕೃಷ್ಣೆ ಮತ್ತು ಆಕೆಯ ಉಪನದಿಗಳು

ಹಳೆಯ ಮಹಾಬಳೇಶ್ವರದ ಪಂಚಗಂಗಾ ದೇವಾಲಯದಲ್ಲಿ ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ಧಾರೆಗಳ ಉಗಮವನ್ನು ತೋರಿಸುತ್ತಾರೆ. ಭಕ್ತಿಯ ಮಾತು ಹಾಗಿರಲಿ, ಭೂಗೋಳದ ದೃಷ್ಟಿಯಿಂದಲೂ ಈ ಸ್ಥಳ ಅಪೂರ್ವವಾದುದು. ಇಲ್ಲಿಂದ ಸಾವಿತ್ರಿಯು ಪಶ್ಚಿಮಕ್ಕೆ ಧುಮುಕಿ, ಮಹಾಡದ ಮೇಲೆ ಹಾದು ಹರಿಹರೇಶ್ವರದ ಬಳಿ ಕಡಲನ್ನು ಸೇರುತ್ತದೆ. ಕೃಷ್ಣೆಯೂ ವೆಣ್ಣೆಯೂ ಪೂರ್ವಕ್ಕೆ ಇಳಿಯುತ್ತವೆ. ಕೊಯ್ನೆ ಮಾತ್ರ ಎರಡನ್ನೂ ಬಿಟ್ಟು, ಬೆಟ್ಟದ ಏಣಿನ ಮಗ್ಗುಲಲ್ಲೇ ಆಳವಾದ ಕಣಿವೆಯಲ್ಲಿ ನೇರ ದಕ್ಷಿಣಕ್ಕೆ ಅರವತ್ತೈದು ಕಿಲೋಮೀಟರಿನಷ್ಟು ಹರಿಯುತ್ತದೆ. ಆಮೇಲೆ ಹೆಳ್ವಾಕದ ಬಳಿ ಥಟ್ಟನೆ ಪೂರ್ವಕ್ಕೆ ಹೊರಳುತ್ತದೆ. ಈ ಹೊರಳುವಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆಲ್ಲ ಅದೇ ಮೂಲ.

ಕೃಷ್ಣೆಯು ವಾಯಿ ಪಟ್ಟಣವನ್ನು ದಾಟಿ ಸಾತಾರಾ ಬಳಿಯ ಮಾಹುಲಿಯಲ್ಲಿ ವೆಣ್ಣೆಯನ್ನು ಕೂಡಿಕೊಳ್ಳುತ್ತಾಳೆ. ಕರಾಡದಲ್ಲಿ ಕೊಯ್ನೆಯು ಎದುರಿನಿಂದಲೇ ಬಂದು ಕೃಷ್ಣೆಯನ್ನು ಸೇರುತ್ತದೆ. ಎರಡು ನದಿಗಳು ಮುಖಾಮುಖಿಯಾಗಿ ಕೂಡಿ ಒಂದಾಗಿ ಪೂರ್ವಕ್ಕೆ ಹರಿಯುವ ಈ ನೋಟ ವಿರಳವಾದುದರಿಂದ ಜನರು ಇದನ್ನು ಪ್ರೀತಿಸಂಗಮವೆಂದು ಕರೆದಿದ್ದಾರೆ. ಮುಂದೆ ಸಾಂಗಲಿಯ ಹತ್ತಿರ ಹರಿಪುರದಲ್ಲಿ ವಾರಣೆ ಸೇರುತ್ತದೆ. ಕೊಲ್ಹಾಪುರದ ಕಡೆಯ ಹಲವು ಹೊಳೆಗಳು ಕೂಡಿ ಆದ ಪಂಚಗಂಗೆಯು ನರಸೋಬಾವಾಡಿಯಲ್ಲಿ, ದತ್ತಪಾದುಕೆಗಳ ಎದುರಿನಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಮುಂದೆ ನದಿ ಬೆಳಗಾವಿ ಜಿಲ್ಲೆಯನ್ನು ಹೊಗುತ್ತದೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯು ಚಿಕ್ಕೋಡಿ ಸೀಮೆಯ ಕಲ್ಲೋಳದ ಬಳಿ ಬಂದು ಸೇರುತ್ತದೆ.

ಕರ್ನಾಟಕದೊಳಗೆ ಕೃಷ್ಣೆಯ ಓಟ 480 ಕಿಲೋಮೀಟರಿಗೂ ತುಸು ಹೆಚ್ಚು. ಇಲ್ಲಿ ಸೇರುವ ದೊಡ್ಡ ಉಪನದಿಗಳು ಘಟಪ್ರಭೆ ಮತ್ತು ಮಲಪ್ರಭೆ. ಇವೆರಡೂ ಸಹ್ಯಾದ್ರಿಯಲ್ಲೇ ಹುಟ್ಟಿದವು. ಘಟಪ್ರಭೆಯು ಗೋಕಾಕದಲ್ಲಿ ಐವತ್ತು ಮೀಟರಿಗೂ ಮಿಕ್ಕಿದ ಜಲಪಾತವಾಗಿ ಬೀಳುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಬಸವಣ್ಣನವರ ಅಂಕಿತದಿಂದ ಈ ಸಂಗಮದ ಹೆಸರು ಕನ್ನಡ ನಾಡಿನ ಮನೆಮನೆಯಲ್ಲಿದೆ.

ಭೀಮೆ

ಭೀಮೆಯು 861 ಕಿಲೋಮೀಟರ್ ಉದ್ದದ ನದಿ. ಕೃಷ್ಣೆಯ ಉಪನದಿಯಾದರೂ ತಾನೇ ಒಂದು ಮಹಾನದಿ. ಲೋಣಾವಳೆಯ ಬೆಟ್ಟದಿಂದ ಬರುವ ಇಂದ್ರಾಯಣಿಯು ದೇಹೂ, ಆಳಂದಿಗಳನ್ನು ಬಳಸಿ, ಅಂದರೆ ತುಕಾರಾಮರ ಊರನ್ನೂ ಜ್ಞಾನೇಶ್ವರರ ಸಮಾಧಿಯನ್ನೂ ಮುಟ್ಟಿ, ತುಳಾಪುರದಲ್ಲಿ ಭೀಮೆಗೆ ಸೇರುತ್ತದೆ. ಮುಳಾ ಮತ್ತು ಮುಠಾ ನದಿಗಳು ಪುಣೆಯಲ್ಲಿ ಒಂದಾಗಿ ಬಂದು ಸೇರುತ್ತವೆ. ಘೋಡ್, ನೀರಾ, ಸೀನಾ ನದಿಗಳು ಮುಂದೆ ಕೂಡಿಕೊಳ್ಳುತ್ತವೆ. ಪಂಢರಪುರದಲ್ಲಿ ನದಿ ಅರ್ಧಚಂದ್ರದಂತೆ ಬಾಗುವುದರಿಂದ ಅಲ್ಲಿ ಅದಕ್ಕೆ ಚಂದ್ರಭಾಗೆಯೆಂದು ಹೆಸರು. ಬಳಿಕ ವಿಜಯಪುರ, ಕಲಬುರಗಿ ಜಿಲ್ಲೆಗಳ ಅಂಚಿನಲ್ಲಿ ಹರಿದು, ಗಾಣಗಾಪುರದ ಬಳಿ ಅಮರಜೆಯನ್ನೂ ಮುಂದೆ ಕಾಗಿಣಾ ನದಿಯನ್ನೂ ಪಡೆದು, ರಾಯಚೂರಿನ ಉತ್ತರದಲ್ಲಿ ಕಡ್ಲೂರಿನ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತದೆ.

ರೈಲಿನಲ್ಲಿ ರಾಯಚೂರಿಗೆ ಹೋಗುವವರು ಯಾದಗಿರಿಯನ್ನು ದಾಟಿದ ಮೇಲೆ ಕೃಷ್ಣಾ ಎಂಬ ಹೆಸರಿನ ನಿಲ್ದಾಣವನ್ನೂ ಅದರ ಮುಂದಿನ ಉದ್ದ ಸೇತುವೆಯನ್ನೂ ಕಂಡಿರುತ್ತಾರೆ. ಸಂಗಮವು ಆ ಸೇತುವೆಗಿಂತ ಸ್ವಲ್ಪ ಮೇಲ್ಗಡೆಯಿದೆ. ಸೇತುವೆಯ ಕೆಳಗೆ ಹರಿಯುವುದು ಮಹಾಬಳೇಶ್ವರದ ನೀರೂ ಹೌದು, ಭೀಮಾಶಂಕರದ ನೀರೂ ಹೌದು.

ಮಳೆಯ ಹಂಚಿಕೆ

ಈ ನದಿಗಳಿಗೆ ಬೆಟ್ಟದ ತುದಿಯ ನೀರು ಏಕೆ ಅಷ್ಟು ಮುಖ್ಯ? ಕಾರಣ ಸರಳವಾಗಿದೆ. ನೈಋತ್ಯ ಮಾರುತವು ಕಡಲಿನಿಂದ ತಂದ ತೇವವನ್ನು ಬೆಟ್ಟ ಹತ್ತುವಾಗಲೇ ಸುರಿದುಬಿಡುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸರಾಸರಿ 5,500 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟವನ್ನು ದಾಟಿದ ಮೋಡಗಳಲ್ಲಿ ಉಳಿಯುವುದು ಅಲ್ಪ. ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್, ಅದೂ ನಂಬುವಂತಿಲ್ಲ. ಆದುದರಿಂದ ಬಯಲಿನಲ್ಲಿ ನದಿ ತುಂಬಿ ಹರಿಯಿತೆಂದರೆ ಬಹುಪಾಲು ಅದು ಘಟ್ಟದ ಮಳೆ. ತಲೆಯ ಮೇಲೆ ಮೋಡವಿಲ್ಲದಿದ್ದರೂ ಹೊಳೆಗೆ ಕೆಂಪು ನೀರು ಬಂದುದನ್ನು ನಮ್ಮಲ್ಲಿ ಹಲವರು ಬಾಲ್ಯದಲ್ಲಿ ನೋಡಿದ್ದಾರೆ. ಹೀಗಿರುವಾಗ ಘಟ್ಟದ ತುದಿಯಲ್ಲಿ ಒಂದು ಪಾಲು ನೀರನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ, ಬಯಲಿನ ಪಾಲಿನಲ್ಲಿ ಅಷ್ಟು ಕಡಿಮೆಯಾಗಲೇಬೇಕು.

ನೀರಿಗೆ ಪಡುವಣ ದಾರಿ

ಪೂರ್ವಕ್ಕೆ ಹರಿಯುವ ನೀರು ಮೆಲ್ಲನೆ ಇಳಿಯುತ್ತದೆ. ಅದರಿಂದ ವಿದ್ಯುತ್ತನ್ನು ಹೆಚ್ಚಾಗಿ ತೆಗೆಯಲಾಗದು. ಅದೇ ನೀರನ್ನು ಏಣಿನ ಮೂಲಕ ಸುರಂಗ ಕೊರೆದು ಪಶ್ಚಿಮಕ್ಕೆ ಬಿಟ್ಟರೆ, ಕೊಂಕಣದ ತಳಕ್ಕೆ ನಾಲ್ಕೈದು ನೂರು ಮೀಟರ್ ಒಂದೇ ಸಮನೆ ಬೀಳುತ್ತದೆ. ಸಾವಿರ ಲೀಟರ್ ನೀರು 500 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿದು ಯಂತ್ರದ ಚಕ್ರವನ್ನು ತಿರುಗಿಸಿದರೆ ಹೆಚ್ಚು ಕಡಿಮೆ ಒಂದು ಯೂನಿಟ್ ವಿದ್ಯುತ್ತು ಸಿಗುತ್ತದೆ. ಅದೇ ನೀರು ಬಯಲಿನ ಅಣೆಕಟ್ಟಿನಲ್ಲಿ 30 ಮೀಟರ್ ಬಿದ್ದರೆ ಸಿಗುವುದು ಇದರ ಹದಿನಾರನೆಯ ಒಂದು ಪಾಲಿನಷ್ಟು. ಎಂಜಿನಿಯರರ ಕಣ್ಣು ಘಟ್ಟದ ಅಂಚಿನ ಮೇಲೆ ಬಿದ್ದುದಕ್ಕೆ ಇದೇ ಕಾರಣ.

ಜಮಶೇಟಜಿ ಟಾಟಾ ಅವರ ಕಾಲದ ಈ ಯೋಜನೆ ಅವರ ನಿಧನಾನಂತರ ಕೈಗೂಡಿತು. 1910ರಲ್ಲಿ ಕಂಪನಿ ಸ್ಥಾಪಿತವಾಗಿ, 1915ರಲ್ಲಿ ಖೋಪೋಲಿಯ ವಿದ್ಯುದಾಗಾರ ಆರಂಭವಾಯಿತು. ಇಂದ್ರಾಯಣಿಯ ಮೇಲ್ಗಡೆ ಲೋಣಾವಳೆ, ವಳವಣ, ಶಿರವಟಾ ಕೆರೆಗಳಲ್ಲಿ ಮಳೆಗಾಲದ ನೀರನ್ನು ತಡೆದು ಖೋಪೋಲಿಗೆ ಇಳಿಸಿದರು. ಅದರ ವಿದ್ಯುತ್ತು ಮುಂಬಯಿಯ ಬಟ್ಟೆ ಗಿರಣಿಗಳಿಗೆ ಹೋಯಿತು. 1922ರಲ್ಲಿ ಆಂಧ್ರಾ ಎಂಬ ಹೊಳೆಗೆ ಠೋಕರವಾಡಿಯಲ್ಲಿ ಕಟ್ಟೆ ಹಾಕಿ ಭಿವಪುರಿಯ ವಿದ್ಯುದಾಗಾರ ನಡೆಯತೊಡಗಿತು. ಈ ಆಂಧ್ರಾ ಹೊಳೆಯೂ ಇಂದ್ರಾಯಣಿಯ ಉಪನದಿಯೇ. 1927ರಲ್ಲಿ ಮುಳಾ ನದಿಯ ಮುಳಶಿ ಕಟ್ಟೆಯ ನೀರಿನಿಂದ ಭಿರಾದಲ್ಲಿ ಮೂರನೆಯದು ಆರಂಭವಾಯಿತು. ಹೀಗೆ ಮೂರೂ ಕಡೆ ಹಿಡಿದುದು ಭೀಮೆಗೆ ಸೇರತಕ್ಕ ನೀರು.

ಇದು ಸುಲಭವಾಗಿ ಆದುದಲ್ಲ. ಮುಳಶಿಯಲ್ಲಿ ಹೊಲಮನೆ ಮುಳುಗಿಹೋಗುವ ಮಾವಳದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಅದರ ಮುಂದಾಳಾಗಿ ಸೇನಾಪತಿ ಬಾಪಟರೆಂದು ಖ್ಯಾತರಾದರು, ಸೆರೆವಾಸವನ್ನೂ ಅನುಭವಿಸಿದರು. ಸತ್ಯಾಗ್ರಹ ಮೂರು ವರ್ಷಗಳ ಬಳಿಕ ಸೋತಿತು, ಕಟ್ಟೆ ಎದ್ದಿತು. ಅಣೆಕಟ್ಟಿನಿಂದ ನೆಲೆ ತಪ್ಪುವವರು ನಮ್ಮ ದೇಶದಲ್ಲಿ ನಡೆಸಿದ ಮೊದಮೊದಲ ಹೋರಾಟಗಳಲ್ಲಿ ಇದೊಂದು.

ಚಕ್ರ ತಿರುಗಿಸಿದ ನೀರು ಎಲ್ಲಿಗೆ ಹೋಗುತ್ತದೆ? ಖೋಪೋಲಿಯದು ಪಾತಾಳಗಂಗೆಗೆ, ಭಿರಾದ್ದು ಕುಂಡಲಿಕಾ ನದಿಗೆ, ಭಿವಪುರಿಯದು ಉಲ್ಹಾಸ ನದಿಗೆ. ಉಲ್ಹಾಸದ ನೀರನ್ನು ಬದಲಾಪುರ, ಅಂಬರನಾಥ, ಉಲ್ಹಾಸನಗರ, ಕಲ್ಯಾಣಗಳ ಜನ ಕುಡಿಯುತ್ತಾರೆ. ಅಲ್ಲಿಯೂ ನಮ್ಮವರು ಬಹಳ ಮಂದಿ ಇದ್ದಾರೆ. ಆ ನದಿಯ ಮುಖ್ಯ ಪ್ರವಾಹ ವಸಾಯಿಯ ಕಡೆ ಕಡಲಿಗೆ ಹೋಗುತ್ತದೆ. ಠಾಣೆಯ ಬಳಿ ಒಂದು ಇಕ್ಕಟ್ಟಾದ ಕವಲು ಠಾಣೆಯ ಖಾಡಿಗೆ ಕೂಡುತ್ತದೆ. ವಿಕ್ರೋಳಿಯ ಪೂರ್ವಕ್ಕೆ ಕಾಂಡ್ಲಾ ಕಾಡಿನ ಆಚೆ ಕಾಣುವ ಖಾಡಿ ಇದೇ. ಕಲಬುರಗಿಯ ದಂಡೆಯನ್ನು ಮುಟ್ಟಬೇಕಾಗಿದ್ದ ನೀರಿನ ಒಂದಿಷ್ಟು ಅಂಶ ನಮ್ಮ ಮನೆಗಳ ಹಿಂದೆಯೇ ಹಾದುಹೋದರೂ ಆಶ್ಚರ್ಯವಿಲ್ಲ.

ಇಲ್ಲೊಂದು ತಪ್ಪುಗ್ರಹಿಕೆಗೆ ಆಸ್ಪದವಿರಬಾರದು. ಮುಂಬಯಿಯ ನಲ್ಲಿಗೆ ಬರುವ ನೀರು ಕೃಷ್ಣೆಯದಲ್ಲ. ಅದು ಬಹುಮಟ್ಟಿಗೆ ತಾನ್ಸಾ, ವೈತರಣಾ, ಭಾತ್ಸಾ ನದಿಗಳದು. ಅವು ಸಹಜವಾಗಿಯೇ ಪಶ್ಚಿಮಕ್ಕೆ ಹರಿಯುವವು. ಪೂರ್ವದ ನೀರು ಈ ನಗರಕ್ಕೆ ಬರುವುದು ತಂತಿಯಲ್ಲಿ.

ಕೊಯ್ನೆಯ ಕಟ್ಟೆ

ಹೆಳ್ವಾಕದ ಬಳಿ ಕೊಯ್ನೆಯು ಪೂರ್ವಕ್ಕೆ ಹೊರಳುವುದೆಂದು ಮೇಲೆ ಹೇಳಿದೆವಷ್ಟೆ. ಆ ಸ್ಥಳದಲ್ಲಿ ನದಿಗೂ ಕೊಂಕಣದ ಕಡಿದಾದ ಇಳಿಜಾರಿಗೂ ನಡುವೆ ಇರುವುದು ಬೆಟ್ಟದ ಒಂದು ತೆಳು ಗೋಡೆ ಮಾತ್ರ. 1964ರಲ್ಲಿ ಮುಗಿದ 103 ಮೀಟರ್ ಎತ್ತರದ ಅಣೆಕಟ್ಟು ಕಣಿವೆಯನ್ನು ಶಿವಸಾಗರವೆಂಬ ಜಲಾಶಯವನ್ನಾಗಿ ಮಾಡಿತು. ಅದರ ಧಾರಣ ಶಕ್ತಿ ಸುಮಾರು 105 ಟಿ.ಎಂ.ಸಿ. ಸುರಂಗದಲ್ಲಿ ಸಾಗಿದ ನೀರು ಚಿಪಳೂಣದ ಕಡೆ ಪೋಫಳಿಯಲ್ಲಿ, ಬಂಡೆಯ ಹೊಟ್ಟೆಯಲ್ಲಿ ಕೊರೆದ ವಿದ್ಯುದಾಗಾರಕ್ಕೆ ಬಿದ್ದು, ವಾಶಿಷ್ಠಿ ನದಿಯ ಮೂಲಕ ಕಡಲಿಗೆ ಹೋಗುತ್ತದೆ. ಹಂತಹಂತವಾಗಿ ಬೆಳೆದು ಈಗ ಈ ಯೋಜನೆಯ ಒಟ್ಟು ಸಾಮರ್ಥ್ಯ 1,950 ಮೆಗಾವಾಟಿಗೂ ಮಿಕ್ಕಿದೆ.

1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾನಗರದಲ್ಲಿ ಭಾರಿ ಭೂಕಂಪವಾಗಿ 180ರಷ್ಟು ಜನ ಮಡಿದರು. ಮುಂಬಯಿಯಲ್ಲೂ ನೆಲ ನಡುಗಿತು. ಜಲಾಶಯದ ನೀರು ನೆಲದ ಬಿರುಕುಗಳಿಗೆ ಇಳಿದು ಭೂಕಂಪಕ್ಕೆ ಪ್ರೇರಣೆಯಾಗಬಲ್ಲುದೆಂಬುದಕ್ಕೆ ಲೋಕದ ವಿಜ್ಞಾನಿಗಳು ಇಂದಿಗೂ ಕೊಡುವ ಮೊದಲ ಉದಾಹರಣೆಗಳಲ್ಲಿ ಕೊಯ್ನೆ ಒಂದು. ಮುಂಬಯಿಯ ಬೆಳಕಿಗೆ ಬೆಟ್ಟದ ಜನ ತೆತ್ತುದು ಬರಿಯ ಹೊಲಗದ್ದೆಗಳನ್ನಲ್ಲ.

ಈ ಹೊತ್ತು ಮುಂಬಯಿಯ ವಿದ್ಯುತ್ತಿನಲ್ಲಿ ಬಹುಪಾಲು ಕಲ್ಲಿದ್ದಲು ಮುಂತಾದ ಇತರ ಮೂಲಗಳಿಂದ ಬರುತ್ತದೆ. ಆದರೂ ಬೆಟ್ಟದ ನೀರಿಗೆ ಬೆಲೆ ಇಳಿದಿಲ್ಲ. ಕಲ್ಲಿದ್ದಲಿನ ಯಂತ್ರ ಬಿಸಿಯೇರಲು ಗಂಟೆಗಳು ಬೇಕು. ನೀರಿನ ಚಕ್ರ ಕೆಲವೇ ನಿಮಿಷಗಳಲ್ಲಿ ತಿರುಗುತ್ತದೆ. ಸಂಜೆ ಎಲ್ಲರೂ ಒಮ್ಮೆಲೆ ದೀಪ ಹಚ್ಚುವ ಹೊತ್ತಿಗೆ ಬೇಕಾಗುವುದು ಇಂಥ ಆಳೇ.

ಎಷ್ಟು ನೀರು?

ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಸುಮಾರು 2,830 ಕೋಟಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು, ಅಂದರೆ ಸುಮಾರು 28 ಲೀಟರು. ಒಂದು ಹಗಲು ಒಂದು ರಾತ್ರಿ ಬಿಡದೆ 11,574 ಕ್ಯೂಸೆಕ್ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ.

1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರಗಳು ಮುಂಬಯಿ ರಾಜ್ಯದಲ್ಲೇ ಇದ್ದವು; ಕಲಬುರಗಿ, ರಾಯಚೂರು ಹೈದರಾಬಾದಿನಲ್ಲಿದ್ದವು. ಭಾಷಾವಾರು ಪ್ರಾಂತಗಳಾದ ಮೇಲೆ ನದಿಯ ತಲೆ ಒಂದು ರಾಜ್ಯದಲ್ಲಿ, ನಡು ಒಂದರಲ್ಲಿ, ಕಾಲು ಇನ್ನೊಂದರಲ್ಲಿ ಆಯಿತು. 1969ರಲ್ಲಿ ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯಲ್ಲಿ ನ್ಯಾಯಾಧಿಕರಣ ನೇಮಕವಾಗಿ, 1973ರಲ್ಲಿ ತೀರ್ಪು ಬಂದು, 1976ರಲ್ಲಿ ಅಂತಿಮವಾಯಿತು. ಅದರಂತೆ 2,060 ಟಿ.ಎಂ.ಸಿ. ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಪ್ರದೇಶಕ್ಕೆ 800. ಪಶ್ಚಿಮಕ್ಕೆ ತಿರುಗಿಸುವ ನೀರಿಗೂ ಅದು ಮಿತಿ ಹಾಕಿತು. ಕೊಯ್ನೆಯಿಂದ, ಮೊದಲ ಕೆಲವು ವರ್ಷಗಳ ಸಡಿಲಿಕೆ ಮುಗಿದ ಬಳಿಕ, ವರ್ಷಕ್ಕೆ 67.5 ಟಿ.ಎಂ.ಸಿ.; ಟಾಟಾ ಕಟ್ಟೆಗಳಿಂದ ಐದು ವರ್ಷಗಳಲ್ಲಿ ಒಟ್ಟು 212, ಎಂದರೆ ಸರಾಸರಿ ವರ್ಷಕ್ಕೆ 42.4. ಎರಡನೆಯ ನ್ಯಾಯಾಧಿಕರಣ 2004ರಲ್ಲಿ ನೇಮಕವಾಗಿ 2010ರಲ್ಲಿ ತೀರ್ಪಿತ್ತಿತು. ಅದರ ಮೇಲಿನ ವಾದ ಸುಪ್ರೀಂ ಕೋರ್ಟಿಗೂ ಹೋಯಿತು.

ಮೇಲಿನ ಎರಡು ಮಿತಿಗಳನ್ನು ಕೂಡಿಸಿದರೆ ವರ್ಷಕ್ಕೆ ಸುಮಾರು 110 ಟಿ.ಎಂ.ಸಿ. ಆಲಮಟ್ಟಿಯ ಜಲಾಶಯ ಈಗಿನ ಮಟ್ಟಕ್ಕೆ ಪೂರ್ಣ ತುಂಬಿದರೆ ಹಿಡಿಯುವುದು 123 ಟಿ.ಎಂ.ಸಿ. ಅಂದಮೇಲೆ ಹೆಚ್ಚು ಕಡಿಮೆ ಒಂದು ಆಲಮಟ್ಟಿಯಷ್ಟು ನೀರನ್ನು ಪ್ರತಿ ವರ್ಷ ಪಶ್ಚಿಮಕ್ಕೆ ಇಳಿಸಲು ಅವಕಾಶವಿದೆ.

ಇದನ್ನು ಕಂಡು ನಮ್ಮ ನೀರನ್ನೆಲ್ಲ ಅನ್ಯರು ಕೊಂಡೊಯ್ದರೆಂದು ಕೂಗುವುದು ನ್ಯಾಯವಲ್ಲ. ಈ ನೀರು ಮಹಾರಾಷ್ಟ್ರದ ಪಾಲಿನ ಲೆಕ್ಕದಲ್ಲೇ ಸೇರಿದೆ. ಕರ್ನಾಟಕದ ಪಾಲಿನಿಂದ ಕಳೆದುದಲ್ಲ. ಇದರ ಕೊರತೆಯನ್ನು ಮೊದಲು ಅನುಭವಿಸುವವರು ಸಾಂಗೋಲೆ, ಮಂಗಳವೇಢೆ, ಮಾಣ ಸೀಮೆಯ ಮರಾಠಿ ರೈತರು. ಈ ನೀರನ್ನು ಪೂರ್ವಕ್ಕೇ ಬಿಡಬೇಕೆಂಬ ಬೇಡಿಕೆ ಮಹಾರಾಷ್ಟ್ರದಲ್ಲೂ ಇದೆ. ಹಳ್ಳಿಯ ಮನೆಗಳಿಗೆ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಕೇಂದ್ರ ಸರಕಾರದ ಈಗಿನ ಗುರಿ. ಆ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಇಳಿಸಿದ ಸಾವಿರ ಲೀಟರ್ ನೀರು ಬರದ ಹಳ್ಳಿಯ ಹದಿನೆಂಟು ಜನರ ಒಂದು ದಿನದ ನೀರು. ವಿದ್ಯುತ್ತನ್ನು ಬೇರೆ ಬಗೆಯಿಂದಲೂ ಪಡೆಯಬಹುದು. ಭೀಮೆಯ ದಂಡೆಗೆ ನೀರನ್ನು ಬೇರೆ ಬೆಟ್ಟದಿಂದ ತರಲಾಗದು. ಮತ್ತೊಂದು ಕಡೆ, ಸಂಜೆಯ ಹೊತ್ತಿಗೆ ಆ ವಿದ್ಯುತ್ತು ನಿಂತರೆ ದುಡಿಯುವವರ ಪಾಳಿಯೂ ನಿಲ್ಲಬಹುದು, ಕಲ್ಯಾಣದ ನಲ್ಲಿಯೂ ಸೊರಗಬಹುದು. ಎರಡೂ ತಟ್ಟೆಗಳಲ್ಲಿ ಇರುವುದು ಬಡವರ ಬದುಕೇ.

ಪತ್ರಿಕೆ ಓದುವಾಗ

ಮಳೆಗಾಲದಲ್ಲಿ ಕೊಯ್ನೆಯಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಯಿತೆಂದು ಪತ್ರಿಕೆಗಳಲ್ಲಿ ಬರುತ್ತದೆ. ಕಟ್ಟೆಯ ಬಾಗಿಲು ತೆರೆದು ಹಾಗೆ ಬಿಟ್ಟ ನೀರು ಪಶ್ಚಿಮಕ್ಕಲ್ಲ, ತನ್ನ ಸಹಜ ದಾರಿಯಲ್ಲಿ ಪೂರ್ವಕ್ಕೆ ಬರುತ್ತದೆ. ಕರಾಡ, ಸಾಂಗಲಿ, ರಾಜಾಪುರ ಬಂಧಾರ, ಕಲ್ಲೋಳ, ಕುಡಚಿ, ಹಿಪ್ಪರಗಿ, ಕೊನೆಗೆ ಆಲಮಟ್ಟಿ: ಇದೇ ಅದರ ಕ್ರಮ. ರಾಜಾಪುರದ ಅಂಕಿಯನ್ನು ನೋಡಿದರೆ ಬೆಳಗಾವಿ, ಬಾಗಲಕೋಟೆಯ ಕಡೆಗೆ ಏನು ಬರಲಿದೆಯೆಂದು ಮುಂಚೆಯೇ ಊಹಿಸಬಹುದು. ದೂಧಗಂಗೆಯ ನೀರು ಅದಕ್ಕೆ ಕಲ್ಲೋಳದಲ್ಲಿ ಸೇರುತ್ತದೆಂಬುದನ್ನು ಮರೆಯಬಾರದು. ಭೀಮೆಯ ಕಡೆಯವರು ಉಜನಿ ಕಟ್ಟೆಯ ಸುದ್ದಿಯನ್ನೂ ನೀರಾ ನದಿಯ ಸುದ್ದಿಯನ್ನೂ ಒಟ್ಟಿಗೆ ನೋಡಬೇಕು. ನೀರೆಯು ಉಜನಿಯ ಕೆಳಗೆ, ನರಸಿಂಗಪುರದಲ್ಲಿ ಸೇರುತ್ತದೆ.

ನೆರೆ ಬಂದಾಗ ಹೆಚ್ಚಿನ ನೀರನ್ನೆಲ್ಲ ಕೊಂಕಣಕ್ಕೆ ಏಕೆ ಇಳಿಸಬಾರದೆಂದು ಕೆಲವರು ಕೇಳುತ್ತಾರೆ. ಸುರಂಗಕ್ಕೂ ಯಂತ್ರಕ್ಕೂ ಒಂದು ಮಿತಿಯಿದೆ. ನೆರೆಯ ಹರಿವು ಅದಕ್ಕಿಂತ ಅನೇಕ ಪಾಲು ಹೆಚ್ಚು. ಅಲ್ಲದೆ ಅದೇ ಹೊತ್ತಿಗೆ ಚಿಪಳೂಣದಲ್ಲೂ ನೆರೆ ಇರುತ್ತದೆ. 2019ರ ಆಗಸ್ಟಿನಲ್ಲಿ ಸಾಂಗಲಿ, ಕೊಲ್ಹಾಪುರಗಳ ಜೊತೆಗೆ ಬೆಳಗಾವಿ, ಬಾಗಲಕೋಟೆಗಳ ಹಳ್ಳಿಗಳೂ ಮುಳುಗಿದವು. 2020ರ ಅಕ್ಟೋಬರಿನಲ್ಲಿ ಭೀಮೆಯು ಕಲಬುರಗಿ ಜಿಲ್ಲೆಯಲ್ಲಿ ಉಕ್ಕಿದಳು. ಆಲಮಟ್ಟಿಯ ಹಿನ್ನೀರಿನಿಂದ ಸಾಂಗಲಿ ಮುಳುಗುತ್ತದೆಂದು ಅತ್ತಲವರು ದೂರುತ್ತಾರೆ. ಕರ್ನಾಟಕ ಅದನ್ನು ಒಪ್ಪುವುದಿಲ್ಲ. ಯಾರ ಮಾತು ನಿಜವೆಂಬುದನ್ನು ತೂಗುವ ಮುನ್ನ ನಕಾಶೆಯನ್ನು ಮುಂದಿಟ್ಟುಕೊಂಡು, ಯಾವ ಊರು ಎಷ್ಟು ಎತ್ತರದಲ್ಲಿದೆ, ಯಾವ ಹೊಳೆ ಎಲ್ಲಿ ಸೇರುತ್ತದೆ ಎಂಬುದನ್ನು ಅರಿಯುವುದು ಒಳ್ಳೆಯದು.

ನದಿಗೆ ರಾಜ್ಯದ ಗಡಿ ತಿಳಿಯದು. ಬೆಟ್ಟದ ಏಣು ಒಂದೇ ಅದಕ್ಕೆ ಗಡಿ. ಆ ಗಡಿಯನ್ನು ಮನುಷ್ಯನು ಸುರಂಗದಿಂದ ತೂರಿದ್ದಾನೆ. ತೂರಿದುದರ ಫಲವನ್ನು ಈ ನಗರ ನೂರು ವರ್ಷಗಳಿಗೂ ಮೇಲ್ಪಟ್ಟು ಉಂಡಿದೆ, ಇಲ್ಲಿ ದುಡಿಯಲು ಬಂದ ನಾವೂ ಉಂಡಿದ್ದೇವೆ. ಊರಿಗೆ ಹಣ ಕಳಿಸುವವರು ಊರಿನ ಹೊಳೆಯ ಲೆಕ್ಕವನ್ನೂ ತಿಳಿದಿರಬೇಕು. ಮುಂದಿನ ಸಲ ಊರಿಗೆ ಹೋದಾಗ ಕೃಷ್ಣೆಯಲ್ಲಿ ನೀರು ಎಷ್ಟಿದೆ, ಭೀಮೆಯಲ್ಲಿ ಎಷ್ಟಿದೆ, ಬಾವಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಹಿರಿಯರನ್ನು ವಿಚಾರಿಸಿ ಬರೆದುಕೊಂಡು ಬಂದರೆ, ವಾಚನಾಲಯದ ಮೇಜಿನ ಸುತ್ತ ನಡೆಯುವ ಮಾತಿಗೆ ಒಂದು ಆಧಾರ ಸಿಕ್ಕಂತಾಗುವುದು.